ಖಂಡೇನವಮಿಗೆ ಬಂದ ಬಂದೂಕು

ಇವತ್ತು ಬೆಳಿಗ್ಗೆ ಅಡುಗೆಮನೆಗೆ ಹೋದರೆ ಕಟ್ಟೆಯ ಮೇಲೆ ಒಂದು ಗಾಜಿನ ಲೋಟ ನೀರು, ಅದರ ತಳದಲ್ಲಿ ಒಂದು ತೊಟ್ಟು ಜೇನು, ಲೋಟಕ್ಕೆ ಮೂಗು ತಗುಲುವಷ್ಟು ಬಗ್ಗಿ ನಿಂತ ನಮ್ಮವರು. ಜೇನು ಕರಗದೆ ತಳಕ್ಕೆ ಹೋಗಿ ಕುಳಿತರೆ ಅಸಲಿ, ದಾರಿಯಲ್ಲೇ ಕರಗಿದರೆ ಸಕ್ಕರೆ ಪಾಕ ಎನ್ನುವುದು ಅವರ ಸಿದ್ಧಾಂತ. ನಾನು "ಕಾಫಿ ಬೇಕೇನ್ರೀ?" ಎಂದು ಎರಡು ಸಲ ಕೇಳಿದೆ. ಜೇನು ತಳದಲ್ಲಿ ಗಟ್ಟಿಯಾಗಿ ಕುಳಿತಿತ್ತು. ಅವರು ಅದನ್ನು ನೋಡಿದರು, ನೀರನ್ನು ಸಿಂಕಿಗೆ ಚೆಲ್ಲಿದರು, ಸುಮ್ಮನೆ ಪೇಪರ್ ಓದಲು ಹೋದರು. ಮೊದಲಾಗಿದ್ದರೆ ಟೆಕ್ಸಾಸಿನ ಈ ನಮ್ಮೂರು ಸೀಡರ್ ಪಾರ್ಕಿಗೆಲ್ಲ ಕೇಳುವ ಹಾಗೆ "ಅಸಲೀ!" ಎಂದು ಕೂಗುತ್ತಿದ್ದರು. ಕಳೆದ ಖಂಡೇನವಮಿಯಿಂದ ಈಚೆಗೆ ನಮ್ಮವರು ಪರೀಕ್ಷೆ ಮಾಡುವುದನ್ನು ಬಿಟ್ಟಿಲ್ಲ, ತೀರ್ಪು ಹೇಳುವುದನ್ನು ಬಿಟ್ಟಿದ್ದಾರೆ.

ಹಾಗೆ ನೋಡಿದರೆ ನಮ್ಮ ಜನಕ್ಕೇ ಈ ರೋಗ ಇದೆ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸದೆ ಕೊಂಡವರನ್ನು ನಾನು ನೋಡಿಲ್ಲ. ಮೈಸೂರಿನಲ್ಲಿ ನಾವಿದ್ದ ವಠಾರದಲ್ಲಿ ನನ್ನ ಸೋದರತ್ತೆ ಒಂದು ಸಲ ಹೊಸ ರೇಷ್ಮೆ ಸೀರೆ ತಂದರು. ಅಪ್ಪಟ ರೇಷ್ಮೆಯೋ ಅಲ್ಲವೋ ಎಂಬ ಅನುಮಾನ ಎದ್ದಿತು. ಸೆರಗಿನಿಂದ ಒಂದು ಎಳೆ ಕಿತ್ತು ಸುಟ್ಟು ಮೂಸಬೇಕು, ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ. ಒಬ್ಬರ ಮೂಗನ್ನು ಇನ್ನೊಬ್ಬರು ನಂಬದ ಕಾಲ. ವಠಾರದ ಹೆಂಗಸರೆಲ್ಲ ಒಂದೊಂದು ಎಳೆ ಕಿತ್ತು ಮೂಸಿದರು. ಸೀರೆ ಅಪ್ಪಟ ರೇಷ್ಮೆ ಎಂದು ಸರ್ವಾನುಮತದಿಂದ ತೀರ್ಮಾನವಾಗುವ ಹೊತ್ತಿಗೆ ಅದಕ್ಕೆ ಸೆರಗೇ ಇರಲಿಲ್ಲ. ಸೋದರತ್ತೆ ಅದರಲ್ಲಿ ಸೋಫಾದ ಕವರು ಹೊಲಿಸಿದರು.

ನಾನೂ ಒಮ್ಮೆ ಪರೀಕ್ಷೆಗೆ ಕುಳಿತವಳೇ. ಹೆಣ್ಣು ನೋಡಲು ಧಾರವಾಡದಿಂದ ಇವರ ಮನೆಯವರು ಬಂದಿದ್ದರು. ನನ್ನ ಕೂದಲು ಆಗ ಹೆಗಲಿಗೆ ಬಂದರೆ ಹೆಚ್ಚು. ಅಮ್ಮ ಚೌರಿ ಸೇರಿಸಿ ಸೊಂಟದವರೆಗೆ ಜಡೆ ಹೆಣೆದು ಕೂರಿಸಿದ್ದಳು. ಭಾವೀ ಅತ್ತೆ ಹತ್ತಿರ ಬಂದು "ಜಡಿ ಭಾಳ ಛಲೋ ಅದವಾ" ಎಂದು ಪ್ರೀತಿಯಿಂದ ಸವರಿದರು ನೋಡಿ, ಚೌರಿ ಪೂರ್ತಿ ಅವರ ಕೈಗೆ ಬಂತು! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಆಕೆ ಒಂದು ಮಾತೂ ಆಡದೆ ಅದನ್ನು ಸೆರಗಿನ ಒಳಗೆ ಸೇರಿಸಿಕೊಂಡು, ಅಡುಗೆಮನೆಗೆ ಹೋಗಿ ನಮ್ಮಮ್ಮನ ಕೈಗಿಟ್ಟು, "ಇದು ನಿಮ್ಮ ಹಂತ್ಯಾಕ ಇರಲಿ, ನಮಗ ಹುಡುಗಿ ಅಷ್ಟ ಸಾಕು" ಎಂದರಂತೆ. ಆ ಅತ್ತೆಯೇ ಈಗ ನಮ್ಮ ಜೊತೆ ಇದ್ದಾರೆ. ವಯಸ್ಸು ಎಂಬತ್ತು ದಾಟಿದೆ, ಕೈಯ ಚುರುಕು ಹಾಗೇ ಇದೆ.

ಆ ತಾಯಿಯ ಹೊಟ್ಟೆಯಲ್ಲಿ ನಮ್ಮವರು ಹೇಗೆ ಹುಟ್ಟಿದರೋ. ಇವರಿಗೆ ಮುಚ್ಚಿಡುವ ಕಲೆ ಗೊತ್ತೇ ಇಲ್ಲ. ಆಸ್ಟಿನ್ನಿನಲ್ಲಿ ಒಬ್ಬರ ಗೃಹಪ್ರವೇಶಕ್ಕೆ ಹೋಗಿದ್ದಾಗ ಮನೆಯೊಡತಿ "ನಮ್ಮಜ್ಜಿ ಕಾಲದ ಬೆಳ್ಳಿ ದೀಪ" ಎಂದು ತೋರಿಸಿದರು. ಇವರು ಅದನ್ನು ಬೆರಳಿಂದ ತಟ್ಟಿ, "ಹಿತ್ತಾಳಿ ಮ್ಯಾಲೆ ಬೆಳ್ಳಿ ನೀರು" ಎಂದುಬಿಟ್ಟರು. ಆ ಮನೆಯಿಂದ ನಮಗೆ ಮತ್ತೆ ಕರೆ ಬಂದಿಲ್ಲ. ಆಫೀಸಿನಲ್ಲಿ ಇವರು ಕಂಪ್ಯೂಟರ್ ಚಿಪ್ಪುಗಳಲ್ಲಿ ದೋಷ ಹುಡುಕುವ ಎಂಜಿನಿಯರು, ಮನೆಗೆ ಬಂದರೂ ಅದೇ ಕಣ್ಣು. ಇವರ ಸಹೋದ್ಯೋಗಿಯೊಬ್ಬನಿಗೆ ಯುದ್ಧಕಾಲದ ಹಳೆಯ ಬಂದೂಕು ಕೂಡಿಡುವ ಹುಚ್ಚು. ಅವನು ಡಲ್ಲಾಸಿನಲ್ಲಿ ನಡೆಯುವ ಬಂದೂಕಿನ ಸಂತೆಗೆ ಇವರನ್ನು ಭೂತಗನ್ನಡಿ ಸಮೇತ ಕರೆದುಕೊಂಡು ಹೋಗತೊಡಗಿದ. ಈರುಳ್ಳಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರೆ ಕಣ್ಣು ಕತ್ತಲೆ ಬರುವ ಮನುಷ್ಯ ಬಂದೂಕಿನ ಸಂತೆಗೆ! ನಾನು ಹೌಹಾರಿದೆ. "ನಾ ಹಾರಿಸೂದಿಲ್ಲ, ಬರೇ ನಕಲಿ ಯಾವುದು ಅಂತ ಹೇಳ್ತೀನಿ" ಎಂದರು ಇವರು. ಟೆಕ್ಸಾಸಿನಲ್ಲಿ ಬಂದೂಕು ಮುಟ್ಟಿಯೂ ಒಂದು ಗುಂಡು ಹಾರಿಸದ ಗಂಡಸು ಬಹುಶಃ ನಮ್ಮವರೊಬ್ಬರೇ.

ಈಗ ಲಿಂಡಾ ವೈನಿ ಯಾರೆಂದು ಹೇಳಬೇಕು. ನಮ್ಮವರ ದೊಡ್ಡಪ್ಪನ ಮಗ ವಸಂತಣ್ಣ ಹ್ಯೂಸ್ಟನ್ನಿನಲ್ಲಿ ಡಾಕ್ಟರಾಗಿದ್ದವರು. ಆ ಕಾಲದಲ್ಲೇ ಇಲ್ಲಿನ ಹುಡುಗಿಯನ್ನು ಮದುವೆಯಾದರು. ಧಾರವಾಡದ ಕಡೆ ಅಣ್ಣನ ಹೆಂಡತಿ ವೈನಿ, ಹಾಗಾಗಿ ಲಿಂಡಾ ನಮಗೆಲ್ಲ ಲಿಂಡಾ ವೈನಿಯಾದರು. ಅವರ ಕನ್ನಡವನ್ನು ನೀವು ಕೇಳಬೇಕು. ಅತ್ತೆಮನೆಯವರಿಂದಲೇ ಕಲಿತದ್ದು, ಅಚ್ಚ ಧಾರವಾಡದ್ದು. "ನಿಂದು ಬುಕ್ಕಿನ ಕನ್ನಡ ಪದ್ಮಾ" ಎಂದು ಮೈಸೂರಿನವಳಾದ ನನ್ನನ್ನೇ ಆಡಿಕೊಳ್ಳುತ್ತಾರೆ.

ವೈನಿಯ ತಂದೆ ಹೆರಾಲ್ಡ್ ಇದ್ದದ್ದು ಜಾರ್ಜ್‌ಟೌನಿನಲ್ಲಿ, ನಮ್ಮ ಮನೆಗೆ ಹತ್ತಿರ. ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ ನನಗೆ ಕಾರು ಕಲಿಸಿದ್ದು ಅವರೇ. ನಮ್ಮವರು ಕಲಿಸಲು ಬಂದು ಒಂದೇ ವಾರಕ್ಕೆ ಇಬ್ಬರೂ ಮಾತು ಬಿಟ್ಟಿದ್ದೆವು. ಹೆರಾಲ್ಡ್ ಒಂದು ದಿನವೂ ದನಿ ಎತ್ತಲಿಲ್ಲ. ಮನೆಯೊಳಗೆ ಬಂದ ಜೇಡವನ್ನು ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಟ್ಟು ಬರುವ ಮನುಷ್ಯ. ಪ್ರತಿ ಶನಿವಾರ ಬ್ರೆಡ್ ಮಾಡಿ ಬೀದಿಗೆಲ್ಲ ಹಂಚುತ್ತಿದ್ದರು. ಎಲ್ಲಿ ಕಲಿತಿರಿ ಎಂದರೆ, ದೊಡ್ಡ ಯುದ್ಧದಲ್ಲಿ, ಅಂದರೆ ಎರಡನೆಯ ಮಹಾಯುದ್ಧದಲ್ಲಿ, ಸೈನ್ಯದ ಅಡುಗೆಮನೆಯಲ್ಲಿ ಬ್ರೆಡ್ ಮಾಡುತ್ತಿದ್ದೆ ಎನ್ನುತ್ತಿದ್ದರು. "ಯುದ್ಧದಲ್ಲಿ ನಾನು ಕೊಂದದ್ದು ಯೀಸ್ಟ್ ಮಾತ್ರ" ಎನ್ನುವುದು ಅವರ ಖಾಯಂ ಜೋಕು. ಪ್ರತಿ ಸಲವೂ ನಾವು ಮೊದಲ ಸಲ ಕೇಳಿದವರಂತೆ ನಗುತ್ತಿದ್ದೆವು.

ಈ ಜೋಕನ್ನು ಹಾಲಿನ ಜೊತೆ ಕುಡಿದು ಬೆಳೆದವನು ವೈನಿಯ ಮಗ ಅರುಣ. ಒಳ್ಳೆಯ ಐ.ಟಿ. ಕೆಲಸ ಬಿಟ್ಟು ಡಲ್ಲಾಸಿನ ಪಕ್ಕದ ಪ್ಲೇನೋದಲ್ಲಿ ಬೇಕರಿ ತೆರೆದ. ಗಲ್ಲಾದ ಹಿಂದಿನ ಗೋಡೆಯ ಮೇಲೆ ಸೈನ್ಯದ ಸಮವಸ್ತ್ರದಲ್ಲಿರುವ ಹೆರಾಲ್ಡರ ದೊಡ್ಡ ಫೋಟೋ, ಕೆಳಗೆ ಆ ಯೀಸ್ಟಿನ ಮಾತು ಬಣ್ಣದಲ್ಲಿ ಬರೆಸಿದ್ದಾನೆ. ಬಂದ ಗಿರಾಕಿಗೆಲ್ಲ ಅಜ್ಜನ ಕಥೆ ಹೇಳದೆ ಬ್ರೆಡ್ ಕೊಡುವುದಿಲ್ಲ. ಹೆರಾಲ್ಡ್ ನೂರರ ಹತ್ತಿರ ಬಂದು, ಕಳೆದ ಬೇಸಿಗೆಯಲ್ಲಿ ನಿದ್ದೆಯಲ್ಲೇ ಹೋದರು. ಜಾರ್ಜ್‌ಟೌನಿನ ಮನೆ ಖಾಲಿ ಮಾಡಲು ವೈನಿ ಹ್ಯೂಸ್ಟನ್ನಿನಿಂದ ಬಂದಿದ್ದರು. ವಸಂತಣ್ಣನಿಗೆ ಮೊಣಕಾಲಿನ ಆಪರೇಷನ್ ಆಗಿತ್ತು, ಅವರು ಬರಲಿಲ್ಲ.

ಆ ದಿನ ಖಂಡೇನವಮಿ. ನಮ್ಮ ಮೈಸೂರಿನ ಬಾಯಲ್ಲಿ ಆಯುಧಪೂಜೆ. ನಮ್ಮ ಮನೆಯಲ್ಲಿ ಆಯುಧವೆಂದರೆ ಏನಿರುತ್ತದೆ ಹೇಳಿ. ಎರಡು ಲ್ಯಾಪ್‌ಟಾಪು, ಮಿಕ್ಸರು, ಈಳಿಗೆಮಣೆ, ನಮ್ಮವರ ಸ್ಕ್ರೂಡ್ರೈವರುಗಳು, ಡ್ರೈವ್‌ವೇನಲ್ಲಿ ತೊಳೆದು ನಿಲ್ಲಿಸಿದ ಕಾರು. ಎಲ್ಲಕ್ಕೂ ಅತ್ತೆ ಅರಿಶಿನ ಕುಂಕುಮ ಹಚ್ಚಿ ಚೆಂಡುಹೂ ಇಟ್ಟಿದ್ದರು. ಊಟಕ್ಕೆ ವೈನಿ ಬರುವವರಿದ್ದರು, ಪ್ಲೇನೋದಿಂದ ಅರುಣನೂ. ನಾನು ಹೋಳಿಗೆಯ ಹೂರಣ ಮಗುಚುತ್ತಿದ್ದೆ. ವೈನಿ ಬಂದರು. ತೋಳಿನಲ್ಲಿ ಹಳೆಯ ಕೌದಿಯಲ್ಲಿ ಸುತ್ತಿದ ಉದ್ದನೆಯ ಗಂಟು. ತಂಬೂರಿ ಇರಬೇಕು ಅಂದುಕೊಂಡೆ. ಅದನ್ನು ಊಟದ ಮೇಜಿನ ಮೇಲೆ ಮಲಗಿಸಿ, ಕೌದಿ ಸರಿಸಿದರು.

ಬಂದೂಕು! ಮೇಲೆ ಕಪ್ಪು ದುರ್ಬೀನು ಕೂರಿಸಿದ, ನನ್ನಷ್ಟೇ ಎತ್ತರವಿರಬಹುದು ಅನ್ನಿಸಿದ ಬಂದೂಕು, ಹೋಳಿಗೆಯ ಕಣಕದ ಪಕ್ಕದಲ್ಲಿ! ನನ್ನ ಕೈಲಿದ್ದ ಸೌಟು ಕೆಳಗೆ ಬಿತ್ತು. "ರೀ, ಬನ್ರೀ ಇಲ್ಲಿ!" ಎಂದು ಕಿರುಚಿದೆ. ನಮ್ಮವರು ಓಡಿ ಬಂದವರು ಹೆದರುವುದಿರಲಿ, ಮಗು ಕಂಡ ಬಾಣಂತಿಯ ಹಾಗೆ ಮೆತ್ತಗಾದರು. "ಸ್ನೈಪರ್ ರೈಫಲ್! ದೊಡ್ಡ ಯುದ್ಧದ್ದು!" ಎಂದು ಉಸುರಿದರು. ಮರೆಯಲ್ಲಿ ಮಲಗಿ, ದುರ್ಬೀನಿನಲ್ಲಿ ನೋಡಿ, ದೂರದ ಒಬ್ಬೊಬ್ಬನನ್ನೇ ಆರಿಸಿ ಹೊಡೆಯುವವರ ಬಂದೂಕಂತೆ. ಹೀಗೆಂದು ಅವರು ನನಗೆ ವಿವರಿಸಿದ್ದು ಅಡುಗೆಯ ಸಾಮಾನಿನ ಗುಣ ಹೇಳುವ ದನಿಯಲ್ಲಿ.

ವೈನಿ ಕುರ್ಚಿ ಎಳೆದುಕೊಂಡು ನಮ್ಮವರ ಎದುರು ಕುಳಿತರು. "ಅಟ್ಟದ ಮ್ಯಾಲೆ ಇತ್ತು ಗಿರೀಶ. ನಾ ಸಣ್ಣಾಕಿ ಇದ್ದಾಗ ಒಮ್ಮೆ ನೋಡಿದ್ದೆ. ಇದೇನು ಅಂತ ಡ್ಯಾಡ್‌ನ ಕೇಳಿದ್ದೆ. ಇದು ನಕಲಿ, ಯಾರೋ ಹಳೇ ಪಾರ್ಟ್ಸ್ ಕೂಡಿಸಿ ಮಾಡಿದ್ದು, ಸುಮ್ನ ಅಂಗಡ್ಯಾಗ ತೊಗೊಂಡೆ ಅಂದ್ರು. ನಾ ಮರ್ತಬಿಟ್ಟಿದ್ದೆ. ಈಗ ನೋಡಿದ್ರ ಎಣ್ಣಿ ಹಚ್ಚಿ ಇಟ್ಟಾರ. ನಕಲಿನ ಯಾರರ ಇಷ್ಟು ವರ್ಷ ಎಣ್ಣಿ ಹಚ್ಚಿ ಇಡ್ತಾರೇನು?"

ಕೌದಿಯನ್ನು ಮಡಿಸಿ ಪಕ್ಕಕ್ಕಿಟ್ಟರು. "ಡ್ಯಾಡ್ ಹೇಳಿದ್ದು ಖರೇ ಏನು, ಅಷ್ಟ ನೋಡು. ಬ್ಯಾರೆ ಏನೂ ಬ್ಯಾಡ ನನಗ. ಅರುಣಗೂ ಫೋನ್‌ನ್ಯಾಗ ಹೇಳೀನಿ. ಅವನೂ ಕೇಳತಾನ" ಎಂದರು ವೈನಿ.

ಅವರಿಗೆ ಬೇಕಾಗಿದ್ದುದು ಇಷ್ಟೇ. ಬಂದೂಕು ನಕಲಿಯಾದರೆ ಅಪ್ಪನ ಮಾತು ನಿಜ, ಬ್ರೆಡ್ಡಿನ ಕಥೆ ನಿಜ, ಅರುಣನ ಗೋಡೆಯೂ ನಿಜ. ನನಗೆ ಇದು ತಕ್ಷಣ ಅರ್ಥವಾಯಿತು. ನಮ್ಮವರಿಗೂ ಅರ್ಥವಾಗಿತ್ತು, ಭೂತಗನ್ನಡಿ ಕೈಗೆ ತೆಗೆದುಕೊಳ್ಳುವವರೆಗೆ.

ಅವರು ಸಲಕರಣೆ ತರಲು ಹೋದರು. ಪೂಜೆಗಿಟ್ಟ ಸ್ಕ್ರೂಡ್ರೈವರುಗಳನ್ನೇ ದೇವರಮನೆಯಿಂದ ಎತ್ತಿಕೊಂಡು ಬಂದರು. ಅಷ್ಟರಲ್ಲಿ ಅತ್ತೆ ಕುಂಕುಮದ ಬಟ್ಟಲು ಹಿಡಿದು ಮೇಜಿನ ಹತ್ತಿರ ಬಂದಿದ್ದರು. "ಇಷ್ಟು ವರ್ಷ ಮಿಕ್ಸರಿಗೆ ಪೂಜಾ ಮಾಡಿ ಮಾಡಿ ಸಾಕಾಗಿತ್ತು. ಖಂಡೇನವಮಿ ದಿನ ಖರೇ ಆಯುಧನ ಮನಿಗೆ ಬಂತು ನೋಡು" ಎಂದು ನಳಿಗೆಗೆ ಅರಿಶಿನ ಕುಂಕುಮ ಏರಿಸಿ, ದುರ್ಬೀನಿನ ಮೇಲೆ ಚೆಂಡುಹೂ ಇಟ್ಟೇಬಿಟ್ಟರು.

"ಅತ್ತೇ, ಅದು ಮನುಷ್ಯರನ್ನ ಕೊಲ್ಲೋದು!" ಎಂದೆ ನಾನು.

"ಹಂಗಾರ ರಾಜರು ಪೂಜಾ ಮಾಡ್ತಿದ್ದ ಖಡ್ಗ ಏನು ಕಾಯಿಪಲ್ಯ ಹೆಚ್ಚಲಿಕ್ಕೆ ಇತ್ತೇನು?" ಎಂದು ಕೈಮುಗಿದರು. ವೈನಿಯೂ ಅಭ್ಯಾಸಬಲದಿಂದ ಎದ್ದು ಕೈಮುಗಿದರು.

ಮೊದಲು ನಮ್ಮವರು ಒಳಗೆ ಗುಂಡಿಲ್ಲವೆಂದು ನೋಡಿ ಖಾತ್ರಿ ಮಾಡಿಕೊಂಡರು. ಆಮೇಲೆ ನಳಿಗೆಯ ತುದಿಯನ್ನು ಬೆರಳಿಂದ ಸವರಿದರು. ಸಾಮಾನ್ಯ ಬಂದೂಕಿಗೆ ಅಲ್ಲಿ ಗುರಿ ನೋಡುವ ಸಣ್ಣ ಮೊನೆ ಇರುತ್ತದಂತೆ. ದುರ್ಬೀನಿನಲ್ಲೇ ನೋಡುವವನಿಗೆ ಅದು ಬೇಡ, ಆದ್ದರಿಂದ ಇದಕ್ಕೆ ಕಾರ್ಖಾನೆಯಲ್ಲೇ ಇಡುವುದಿಲ್ಲವಂತೆ. ಇದಕ್ಕೆ ಇರಲಿಲ್ಲ. "ಮೋಸ ಮಾಡವರು ಅದನ್ನ ಕಿತ್ತೂ ಹಾಕಬಹುದು" ಎಂದರು. ವೈನಿ ತಲೆಯಾಡಿಸಿದರು. ಅಸಲು ಪರೀಕ್ಷೆ ಇರುವುದು ದುರ್ಬೀನನ್ನು ಕೂರಿಸಿದ ಕಬ್ಬಿಣದ ಪಟ್ಟಿಯ ಕೆಳಗೆ. ಸಾಮಾನ್ಯ ಬಂದೂಕಿನಲ್ಲಿ ನಂಬರೂ ಅಕ್ಷರಗಳೂ ನಡುಮಧ್ಯದಲ್ಲಿ ಇರುತ್ತವೆ. ಅದಕ್ಕೆ ದುರ್ಬೀನು ಕೂರಿಸಿ ಸ್ನೈಪರ್ ಎಂದು ಮಾರಿದರೆ ಅಕ್ಷರಗಳು ಪಟ್ಟಿಯ ಅಡಿಗೆ ಸಿಕ್ಕಿಕೊಳ್ಳುತ್ತವೆ. ಅಸಲಿಯಾದರೆ ಅಕ್ಷರಗಳನ್ನು ಮೊದಲೇ ಎರಡೂ ಪಕ್ಕಕ್ಕೆ ಸರಿಸಿ ಹೊಡೆದಿರುತ್ತಾರೆ, ಪಟ್ಟಿಯ ಕೆಳಗೆ ಏನೂ ಇರುವುದಿಲ್ಲ. ಯಾರಾದರೂ ಅಳಿಸಿ ಮತ್ತೆ ಹೊಡೆದಿದ್ದರೆ ಉಜ್ಜಿದ ಗಾಯ ಕಾಣುತ್ತದೆ.

"ಅವ್ವಾ, ನಿನ್ನ ಕುಂಕುಮ ನಂಬರಿನ ಮ್ಯಾಲೇ ಬಿದ್ದದಲ್ಲ" ಎಂದು ಗೊಣಗುತ್ತ ಒರೆಸಿ, ಸ್ಕ್ರೂ ತಿರುಗಿಸಿದರು. ವೈನಿ ಮೇಜಿನ ಅಂಚು ಹಿಡಿದುಕೊಂಡಿದ್ದರು. ಪಟ್ಟಿ ಎದ್ದಿತು. ನಮ್ಮವರು ಭೂತಗನ್ನಡಿ ಹಿಡಿದು, ಟಾರ್ಚು ಬಿಟ್ಟು, ಉಸಿರು ಬಿಗಿ ಹಿಡಿದು ನೋಡಿದರು. ಕೆಳಗೆ ನುಣ್ಣಗಿತ್ತು. ಒಂದು ಅಕ್ಷರವಿಲ್ಲ, ಒಂದು ಗೀರಿಲ್ಲ.

"ಅಸಲೀ!" ಎಂದು ನಮ್ಮವರು ಕುಣಿದೇಬಿಟ್ಟರು. "ಲಕ್ಷಕ್ಕೊಂದು ಸಿಗತದ ಇಂಥಾದ್ದು! ಹಂಡ್ರೆಡ್ ಪರ್ಸೆಂಟ್ ಅಸಲಿ, ವೈನೀ!"

ಮುಂದೆ ಆದದ್ದನ್ನು ನೆನೆಸಿಕೊಂಡರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ. ನಮ್ಮ ಮನೆಯಲ್ಲಿ ಅಸಲಿ ಎಂಬ ತೀರ್ಪು ಬಂದರೆ ಬಾಯಿ ಸಿಹಿ ಮಾಡುವುದು ರೂಢಿ. ಅದು ತುಪ್ಪವಿರಲಿ, ಇಂಗಿರಲಿ. ಅತ್ತೆಗೆ ಇಂಗ್ಲಿಷು ಬಾರದು, ಹಂಡ್ರೆಡ್ ಪರ್ಸೆಂಟು ಮಾತ್ರ ತಿಳಿಯುತ್ತದೆ. ಡಬ್ಬಿಯಿಂದ ಧಾರವಾಡದ ಫೇಡೆ ತೆಗೆದು, "ತಗೋವಾ, ಬಾಯಿ ಸಿಹಿ ಮಾಡು" ಎಂದು ವೈನಿಯ ಬಾಯಿಗೆ ತುರುಕಿದರು. ನಾನೂ ಇಷ್ಟಗಲ ನಗುತ್ತ ಚಪ್ಪಾಳೆ ತಟ್ಟುತ್ತಿದ್ದೆ! ಬುದ್ಧಿ ಎಲ್ಲಿಗೆ ಹೋಗಿತ್ತೋ. ಅಪ್ಪ ಸುಳ್ಳು ಹೇಳಿದ್ದಾನೆಂದು ಮಗಳಿಗೆ ಗೊತ್ತಾದ ಗಳಿಗೆಗೆ ನಾವು ಸಿಹಿ ಹಂಚಿದೆವು. ವೈನಿಯ ಬಾಯಲ್ಲಿ ಫೇಡೆ ಹಾಗೇ ಇತ್ತು. ಅಗಿಯಲೂ ಇಲ್ಲ, ಉಗಿಯಲೂ ಇಲ್ಲ. ಕಣ್ಣು ನೆಟ್ಟಗೆ ಬಂದೂಕಿನ ಮೇಲೆ ನಿಂತಿತ್ತು.

ಮೊದಲು ಎಚ್ಚೆತ್ತವರು ನಮ್ಮವರು. ಮುಖ ಬೆಳ್ಳಗಾಯಿತು. "ಹಂಗಲ್ಲ ವೈನಿ, ಬಂದೂಕು ಅಸಲಿ ಅಂದ್ರ ಹೆರಾಲ್ಡ್ ಮಾಮಾ ಹಾರಿಸ್ಯಾರ ಅಂತಲ್ಲ" ಎಂದು ತಡವರಿಸಿದರು. "ಯುದ್ಧ ಮುಗದ ಮ್ಯಾಲೆ ಸರಕಾರದವರು ಇಂಥಾವನ್ನ ಮಂದಿಗೆ ಮಾರ್‍ಯಾರ. ಮಾಮಾ ತೊಗೊಂಡಿರಬೇಕು. ಮಾರಿದವ ನಕಲಿ ಅಂತ ಹೇಳಿರಬೇಕು. ಅವರೂ ನಂಬಿರಬೇಕು."

ವೈನಿಯ ಮುಖಕ್ಕೆ ಸ್ವಲ್ಪ ಜೀವ ಬಂತು. ಫೇಡೆ ನುಂಗಿದರು. "ಖರೇನ?" ಎಂದರು. "ಹಂಗಾರ ಎಲ್ಲಾ ಬಿಚ್ಚಿ ನೋಡು ಗಿರೀಶ. ನಡುವ ಬಿಡಬ್ಯಾಡ."

ಇವರು ಅಲ್ಲಿಗೇ ನಿಲ್ಲಿಸಬಾರದಿತ್ತೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ಆದರೆ ನೋಡು ಎಂದವರ ಎದುರು ನೋಡದೆ ಇರುವುದು ಇವರ ಜಾಯಮಾನದಲ್ಲಿ ಇಲ್ಲ. ಬಂದೂಕನ್ನು ಭುಜಕ್ಕೆ ಆನಿಸುವ ಮರದ ತುದಿಗೆ ಒಂದು ಕಬ್ಬಿಣದ ಮುಚ್ಚಳವಿತ್ತು. ಅದನ್ನು ಬಿಚ್ಚಿದರು. ಒಳಗಿನ ಮರದ ಮೇಲೆ ಚಾಕುವಿನ ತುದಿಯಿಂದ ಕೊರೆದ ಅಕ್ಷರಗಳು ಕಂಡವು. ಕಾಲದ ಎಣ್ಣೆ ಕುಡಿದು ಕಪ್ಪಾಗಿದ್ದವು. ಭೂತಗನ್ನಡಿಯೇ ಬೇಕಾಗಲಿಲ್ಲ. ಹೆರಾಲ್ಡ್ ಎಂದಿತ್ತು, ಪಕ್ಕದಲ್ಲಿ ರೂತ್ ಎಂದಿತ್ತು, ಕೆಳಗೆ ಯುದ್ಧದ ನಡುವಿನ ಇಸವಿ, 1944. ರೂತ್ ವೈನಿಯ ತಾಯಿ, ಯುದ್ಧಕ್ಕೆ ಹೋಗುವ ಮೊದಲೇ ಹೆರಾಲ್ಡ್ ಮಾತು ಕೊಟ್ಟು ಬಂದಿದ್ದ ಹುಡುಗಿ.

ನನಗೆ ಕಾರು ಕಲಿಸುತ್ತಿದ್ದ ದಿನಗಳು ಒಂದೊಂದೇ ಬಂದು ಎದೆಗೆ ತಾಗಿದವು. "ನೋಡು, ದೂರದ ಆ ಕಂಬದ ಮೇಲೆ ಗಿಡುಗ ಕೂತಿದೆ" ಎನ್ನುತ್ತಿದ್ದರು. ನನಗೆ ಕಂಬವೇ ಕಾಣುತ್ತಿರಲಿಲ್ಲ. ರಸ್ತೆ ಪಕ್ಕದ ಹುಲ್ಲು ನೋಡಿ, ಗಾಳಿ ಎಡಗಡೆಯಿಂದ ಬರುತ್ತಿದೆ, ಸ್ಟೀರಿಂಗ್ ಬಿಗಿ ಹಿಡಿ ಎನ್ನುತ್ತಿದ್ದರು. ಕೆಂಪು ದೀಪದಲ್ಲಿ ಕಾರು ನಿಂತರೆ ಅವರೂ ನಿಂತುಬಿಡುತ್ತಿದ್ದರು, ಉಸಿರಾಡುತ್ತಿದ್ದಾರೋ ಇಲ್ಲವೋ ಅನ್ನಿಸುವಷ್ಟು ಅಲುಗಾಡದೆ. ಎಷ್ಟು ಶಾಂತ ಮನುಷ್ಯ ಎಂದು ನಾನು ಊರಿಗೆಲ್ಲ ಹೇಳಿದ್ದೆ. ದೇವರೇ, ಆ ಶಾಂತಿಯನ್ನು ಅವರು ಎಲ್ಲಿ ಕಲಿತಿದ್ದರು!

"ಏನಾತು? ಯಾರರ ಹೇಳ್ರಿ" ಎಂದು ಅತ್ತೆ ನನ್ನ ಕೈ ಜಗ್ಗಿದರು. ಹೇಳಿದೆ. ಅತ್ತೆ ಬಂದೂಕಿನ ಕಡೆ ನೋಡಿದರು. ಆಮೇಲೆ ಸೆರಗಿನಿಂದ ನಳಿಗೆಯ ಮೇಲಿನ ಕುಂಕುಮವನ್ನು ಗಸಗಸ ಒರೆಸತೊಡಗಿದರು. "ಇದಕ್ಕ ನಾ ಕೈ ಮುಗದ್ನೆಲ್ಲೋ ಗಿರ್‍ಯಾ! ಯಾರ್‍ಯಾರ ಮಕ್ಕಳೋ ಏನೋ. ಅವರವ್ವಗೋಳು ಹಾದಿ ಕಾಯ್ತಿದ್ರು." ಖಡ್ಗದ ಮಾತು ಆಡಿದವರೂ ಅವರೇ. ಒರೆಸಿದಷ್ಟೂ ಕುಂಕುಮ ಎಣ್ಣೆಯ ಜೊತೆ ಸೇರಿ ಹರಡುತ್ತಿತ್ತು. ನನಗೆ ನೋಡಲಾಗಲಿಲ್ಲ, ಅವರ ಕೈ ಹಿಡಿದು ಕುರ್ಚಿಯ ಮೇಲೆ ಕೂರಿಸಿದೆ.

ವೈನಿ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. "ಪ್ರತಿ ವರ್ಷ ಜುಲೈ ನಾಲ್ಕಕ್ಕ ಮಂದಿ ಪಟಾಕಿ ಹಚ್ಚೂ ಮುಂದ ಡ್ಯಾಡ್ ಗ್ಯಾರೇಜಿನ್ಯಾಗ ಕಾರಿನ ಕಿಡಕಿ ಏರಿಸ್ಕೊಂಡು ಕೂಡ್ತಿದ್ರು" ಎಂದರು. "ನಾವು ಮಕ್ಕಳು ನಗತಿದ್ವಿ ಪದ್ಮಾ. ಬ್ರೆಡ್ ಮಾಡಾಂವ ಪಟಾಕಿಗೆ ಅಂಜತಾನ ಅಂತ." ಬಂದೂಕಿನ ಕಡೆ ನೋಡಿ, "ಒಬ್ರಿಗೂ ಹೇಳಲಿಲ್ಲ. ಅಷ್ಟು ವರ್ಷ ಒಬ್ಬಾಕಿಗೂ ಹೇಳಲಿಲ್ಲ. ಮಮ್ಮಿಗರ ಹೇಳಿದ್ರೋ ಇಲ್ಲೋ" ಎಂದರು. ಅವರ ದನಿಯಲ್ಲಿ ಸಿಟ್ಟಿತ್ತು. ಅಪ್ಪನ ಮೇಲೋ, ನಕ್ಕ ತಮ್ಮ ಮೇಲೋ, ಬಿಚ್ಚಿ ನೋಡಿದ ನಮ್ಮವರ ಮೇಲೋ ಹೇಳಲಾರೆ. ನಮ್ಮವರು ಆ ಕಬ್ಬಿಣದ ಮುಚ್ಚಳವನ್ನು ಮತ್ತೆ ಕೂರಿಸಿ ಸ್ಕ್ರೂ ಬಿಗಿಯುತ್ತಿದ್ದರು. ಬಿಗಿಯಾದ ಮೇಲೂ ತಿರುಗಿಸುತ್ತಲೇ ಇದ್ದರು.

ಬಾಗಿಲ ಗಂಟೆ ಬಾರಿಸಿತು. ಅರುಣ! ವೈನಿ ಗಾಬರಿಯಿಂದ ಎದ್ದು ನಿಂತರು, ಮತ್ತೆ ಕುಳಿತರು. ಏನು ಹೇಳುವುದೆಂದು ಯೋಚಿಸಲು ನಮಗೆ ಪುರಸೊತ್ತೇ ಸಿಗಲಿಲ್ಲ. ಅವನು ಬಾಗಿಲು ತೆಗೆದುಕೊಂಡು ಒಳಗೆ ಬಂದೇಬಿಟ್ಟ. ತಾಯಿಯ ಹೋಲಿಕೆಯ ಎತ್ತರದ ಗಂಡಸು, ಕಿವಿಯ ಹತ್ತಿರ ಕೂದಲು ನರೆತಿದೆ, ಅಂಗಿಯ ತೋಳಿಗೆ ಹಿಟ್ಟು. ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದ. ಎದ್ದವನ ಕಣ್ಣು ಮೇಜಿನ ಮೇಲೆ ಬಿತ್ತು.

"ಸೋ, ಗಿರೀಶ್ ಕಾಕಾ. ರಿಯಲ್ ಆರ್ ಫೇಕ್?" ಎಂದು ನಗುತ್ತಲೇ ಕೇಳಿದ. ಆದರೆ ಆ ನಗು ತುಟಿಯಿಂದ ಮೇಲೆ ಹೋಗಿರಲಿಲ್ಲ. ದಾರಿಯುದ್ದಕ್ಕೂ ಇದನ್ನೇ ನೆನೆಯುತ್ತ ಡ್ರೈವ್ ಮಾಡಿದ್ದಾನೆ ಎಂದು ನನಗೆ ತಿಳಿದುಹೋಯಿತು.

ನಮ್ಮವರು ವೈನಿಯ ಕಡೆ ನೋಡಿದರು. ವೈನಿ ಹೌದು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ. ಈ ಮನುಷ್ಯನ ಬಾಯಿಂದ ಏನು ಬರುತ್ತದೆಂದು ನನಗೆ ಗೊತ್ತು ಎಂದುಕೊಂಡಿದ್ದೆ.

"ಫೇಕ್" ಎಂದರು ನಮ್ಮವರು.

ನಾನು ಕಣ್ಣು ಬಿಟ್ಟೆ. ಅವರು ಕೆಮ್ಮಿ ಗಂಟಲು ಸರಿಮಾಡಿಕೊಂಡು, ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡು, ವಿವರಿಸತೊಡಗಿದರು. ಮುಂದಿನ ಮೊನೆಯನ್ನು ಕಿತ್ತು ಹಾಕಿದ್ದಾರಂತೆ. ಪಟ್ಟಿಯ ಕೆಳಗೆ ಅಕ್ಷರ ಅಳಿಸಿದ ಗುರುತು ಸ್ಪಷ್ಟವಾಗಿದೆಯಂತೆ. ದುರ್ಬೀನು ಎಲ್ಲಿಯದೋ, ಮರ ಎಲ್ಲಿಯದೋ, ಯಾವನೋ ಚೆನ್ನಾಗಿ ಜೋಡಿಸಿ ಟೋಪಿ ಹಾಕಿದ್ದಾನಂತೆ. ಒಂದು ಕಡೆಯೂ ನಾಲಿಗೆ ತಡವರಿಸಲಿಲ್ಲ. ಇಷ್ಟು ವರ್ಷದ ದಾಂಪತ್ಯದಲ್ಲಿ ಇವರ ಬಾಯಿಂದ ನಾನು ಕೇಳಿದ ಮೊದಲ ಸುಳ್ಳು ಅದು. ಬಂದೂಕು ಕಂಡಾಗಲೂ ನನಗೆ ಅಷ್ಟು ಗಾಬರಿಯಾಗಿರಲಿಲ್ಲ.

ಅರುಣ ದೊಡ್ಡದಾಗಿ ಉಸಿರು ಬಿಟ್ಟ. ಹೆಗಲು ಇಳಿಯಿತು. "ಐ ನ್ಯೂ ಇಟ್!" ಎಂದ. ತಾಯಿಯ ಕಡೆ ತಿರುಗಿ, "ಗ್ರ್ಯಾಂಡ್‌ಪಾ ವುಡ್ ನೆವರ್ ಲೈ ಟು ಅಸ್. ರೈಟ್, ಮಾಮ್?" ಎಂದ.

ವೈನಿ ಎದ್ದರು. ಮಗನ ಹತ್ತಿರ ಹೋಗಿ ಅವನ ತೋಳಿಗೆ ಅಂಟಿದ ಹಿಟ್ಟನ್ನು ಕೈಯಿಂದ ಝಾಡಿಸಿದರು. "ನೆವರ್" ಎಂದರು. ನಕ್ಕರು. ಕಣ್ಣು ಅವನ ಕಣ್ಣನ್ನೇ ನೋಡುತ್ತಿತ್ತು, ಅವರಪ್ಪನ ಹಾಗೇ ರೆಪ್ಪೆ ಅಲುಗಲಿಲ್ಲ, ದನಿ ಒಂದಿಷ್ಟೂ ಏರುಪೇರಾಗಲಿಲ್ಲ. ಅರುಣ ನಂಬಿದ. ಎಲ್ಲವನ್ನೂ ಕಣ್ಣಾರೆ ಕಂಡು ಅಲ್ಲೇ ನಿಂತಿದ್ದ ನಾನೂ ಒಂದು ಕ್ಷಣ ನಂಬಿಬಿಟ್ಟೆ.